ಜೆರಾಕ್ಸ್ ಮಾಡಿದ ಏಳು ಟಿಕ್ಕು

ಫೆಬ್ರವರಿ 3, ಬೆಳಿಗ್ಗೆ 5.40

ಸ್ಕ್ವಾಟ್ ನಲವತ್ತು. ಪ್ಲ್ಯಾಂಕ್ ಒಂದು ನಿಮಿಷ ಹತ್ತು ಸೆಕೆಂಡ್ — ನಿನ್ನೆಗಿಂತ ಐದು ಜಾಸ್ತಿ. ಮೊಣಕಾಲು ಮುಷ್ಕರ ಹೂಡಿದೆ. ಮೂವತ್ತನಾಲ್ಕು ವರ್ಷ ಅದರ ಸುದ್ದಿಗೇ ಹೋಗದವಳು ಈಗ ದಿಢೀರನೆ ದುಡಿಸಿಕೊಂಡರೆ ಸಿಟ್ಟು ಬರದೆ ಇರುತ್ತದೆಯೇ.

ಟ್ರೇನರ್ ಕೋರ್ಸಿನವರು ವರ್ಕೌಟ್ ಡೈರಿ ಇಡಿ ಅಂದಿದ್ದಾರೆ. ಎಷ್ಟು ಸೆಟ್, ಎಷ್ಟು ಸಲ, ನಾಡಿ ಎಷ್ಟು, ಅಷ್ಟೇ. ಕೈಗೆ ಪೆನ್ನು ಸಿಕ್ಕರೆ ನನಗೆ ಅಷ್ಟಕ್ಕೇ ನಿಲ್ಲಿಸಲು ಬರುವುದಿಲ್ಲ. ಅವರಿಗೆ ತೋರಿಸಲು ಬೇರೆ ನೋಟ್‌ಬುಕ್ ಇದೆ. ಇದು ನನ್ನದು. ಯಾರಿಗೂ ತೋರಿಸುವುದಿಲ್ಲ.

ಅದೇ ದಿನ, ಮಧ್ಯಾಹ್ನ 2

ಜಿಮ್ ಖಾಲಿ. ರಿಸೆಪ್ಶನ್ ಮೇಜಿನಲ್ಲಿ ಕೂತು ಬರೆಯುತ್ತಿದ್ದೇನೆ. ಎರಡು ವರ್ಷದಿಂದ ಇದರ ಹಿಂದೆಯೇ ಇದ್ದೇನೆ — ಟವೆಲ್ ಕೊಡು, ಲಾಕರ್ ಕೀ ಕೊಡು, ನಗು. ಈ ಮೇಜಿನಿಂದ ಎದ್ದು ಆಚೆ ಹೋಗಬೇಕು. ಕನ್ನಡಿಯ ಮುಂದೆ ನಿಂತು ಇಪ್ಪತ್ತು ಜನಕ್ಕೆ “ಬೆನ್ನು ನೆಟ್ಟಗೆ!” ಎಂದು ಕೂಗಬೇಕು. ಅಷ್ಟೇ ಆಸೆ.

ಹೆಡ್ ಟ್ರೇನರ್‌ಗೆ ನಾವಿಟ್ಟ ಹೆಸರು ‘ಇನ್ನೊಂದು ಮಾಸ್ಟರ್’. ಹತ್ತು ಎಣಿಸಿದ ಮೇಲೆ “ಇನ್ನೊಂದು” ಎನ್ನುತ್ತಾರೆ. ಆಮೇಲೆ “ಇನ್ನೊಂದೇ”. ಆ ಒಂದು ಯಾವತ್ತೂ ಒಂದಾಗಿದ್ದಿಲ್ಲ. ಜನ ಬೈದುಕೊಂಡೇ ಮಾಡುತ್ತಾರೆ, ಮುಗಿದ ಮೇಲೆ ಥ್ಯಾಂಕ್ಸ್ ಹೇಳಿ ಹೋಗುತ್ತಾರೆ. ಈ ವಿದ್ಯೆ ನಾನೂ ಕಲಿಯಬೇಕು.

ಹೆಲ್ತ್ ಫಾರ್ಮ್ ಖಾಲಿಯಾಗಿತ್ತು. ನೂರು ಜೆರಾಕ್ಸ್ ಮಾಡಿಸಿ ತಂದೆ. ಹೊಸಬರು ಸೇರುವಾಗ ತುಂಬುವ ಫಾರ್ಮು. ಏಳು ಪ್ರಶ್ನೆ — ಹೃದಯದ ತೊಂದರೆ ಇದೆಯೇ, ಶ್ರಮವಾದಾಗ ಎದೆ ನೋಯುತ್ತದೆಯೇ, ತಲೆ ಸುತ್ತುತ್ತದೆಯೇ, ಹೀಗೆ. ಪಕ್ಕದಲ್ಲಿ ಹೌದು, ಇಲ್ಲ ಎಂದು ಎರಡು ಚೌಕ. ನಮ್ಮ ಮೂಲ ಪ್ರತಿಯಲ್ಲಿ ಏಳಕ್ಕೂ ‘ಇಲ್ಲ’ ಎಂದು ಟಿಕ್ ಆಗಿಯೇ ಇದೆ. ಮಾಸ್ಟರ್ ಯಾವ ಕಾಲದಲ್ಲೋ ಹಾಕಿ ಇಟ್ಟದ್ದು. ಬಂದವರು ಹೆಸರು ಬರೆದು ಸೈನ್ ಹಾಕಿದರೆ ಮುಗಿಯಿತು.

ಜೆರಾಕ್ಸ್ ಅಂಗಡಿಯವನು ಕೇಳಿದ, “ಏನ್ ಮೇಡಂ, ನಿಮ್ ಜಿಮ್ಮಿಗೆ ಕಾಯಿಲೆಯೋರು ಬರೋದೇ ಇಲ್ವಾ?”

“ಬಂದ್ರೂ ಜೆರಾಕ್ಸ್ ಆಗೋ ಹೊತ್ತಿಗೆ ವಾಸಿ ಆಗ್ತಾರೆ” ಅಂದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಫೆಬ್ರವರಿ 8

ಪರೀಕ್ಷೆಗೆ ಕೂರಬೇಕಾದರೆ ಐವತ್ತು ದಾಟಿದ ಒಬ್ಬರಿಗೆ ಮೂವತ್ತು ಗಂಟೆ ಹೇಳಿಕೊಟ್ಟಿರಬೇಕಂತೆ. ಅವರ ಹೆಲ್ತ್ ಫಾರ್ಮ್, ದಿನದಿನದ ಲಾಗ್‌ಬುಕ್, ಎಲ್ಲ ಒಪ್ಪಿಸಬೇಕು. ಪರೀಕ್ಷೆ ಮಾರ್ಚ್ 29. ಪಾಸಾದರೆ ಏಪ್ರಿಲ್‌ನಿಂದ ಬೆಳಗಿನ ಹೆಂಗಸರ ಬ್ಯಾಚ್ ನನಗೇ ಎಂದಿದ್ದಾರೆ ಮಾಸ್ಟರ್.

ಐವತ್ತು ದಾಟಿದವರನ್ನು ಎಲ್ಲಿಂದ ತರಲಿ? ಊಟಕ್ಕೆ ಕೂತಾಗ ಹೇಳಿಕೊಂಡೆ. ಇವರು ತಲೆ ಎತ್ತಲಿಲ್ಲ. ದಿನವಿಡೀ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಬಂದರೂ ನನ್ನ ಕಷ್ಟ ಇವರ ಕಣ್ಣಿಗೆ ಕಾಣುವುದಿಲ್ಲ. ಅತ್ತೆ ನೀರಿನ ಲೋಟ ಕೆಳಗಿಟ್ಟು, “ನಾನೇನು ಸತ್ತು ಹೋಗಿದೀನಾ? ಐವತ್ತೊಂಬತ್ತು ನನಗೆ” ಅಂದರು.

“ಅಮ್ಮ, ನೀನಾ?” ಇವರಿಗೆ ತುತ್ತು ನೆತ್ತಿಗೇರಿತು.

“ಯಾಕೋ? ಮೂವತ್ತು ವರ್ಷ ಹೊಲಿಗೆ ಮೆಷಿನ್ ತುಳಿದ ಕಾಲು ಇದು. ನಿನ್ನ ಕಾಲು ಏನು ತುಳಿದಿದೆ?”

ನನಗೆ ಕುಣಿಯಬೇಕೆನಿಸಿತು. ಕುಣಿದೆ ಕೂಡ, ಅಡುಗೆಮನೆಯಲ್ಲಿ.

ಫೆಬ್ರವರಿ 10, ಬೆಳಿಗ್ಗೆ 6

ಮೊದಲ ದಿನ. ಟೆರೇಸಿನ ಮೇಲೆ. ಅತ್ತೆ ತಾವೇ ಒಂದು ಟ್ರ್ಯಾಕ್ ಪ್ಯಾಂಟ್ ಹೊಲಿದುಕೊಂಡಿದ್ದಾರೆ, ಅಳತೆಯ ಟೇಪ್ ಇಡಲು ಜೇಬು ಸಮೇತ. ನನಗೂ ನೀಲಿ ಟೀ ಶರ್ಟ್. ಅಳತೆ ತೆಗೆದುಕೊಂಡಿರಲಿಲ್ಲ, ಬರೀ ಕಣ್ಣಳತೆ. ಮೈಗೆ ಅಂಟಿದ ಹಾಗೆ ಕೂತಿದೆ.

ಫಾರ್ಮಿಗೆ ಸೈನ್ ಬೇಕಿತ್ತು. ಜೆರಾಕ್ಸ್ ಕಟ್ಟಿನಿಂದ ಒಂದು ತಂದಿದ್ದೆ. ಹೊಲಿಗೆ ಮೆಷಿನ್ ಮೇಲೆ ಇಟ್ಟು ಕೊಟ್ಟೆ. ಕನ್ನಡಕ ಹುಡುಕಿದರು, ಸಿಗಲಿಲ್ಲ. ಮಗ ಊರಿಗೆಲ್ಲ ಕನ್ನಡಕ ಮಾಡುತ್ತಾನೆ.

“ಏನಿದೆ ಇದರಲ್ಲಿ?”

“ಏನಿಲ್ಲ ಅತ್ತೆ, ಸುಮ್ನೆ ರೂಲ್ಸು. ನಿಮ್ಮ ಆರೋಗ್ಯ ನನಗೆ ಗೊತ್ತಿಲ್ವಾ?”

“ಎಲ್ಲಿ ಹಾಕ್ಲಿ?”

ಬೆರಳಿಟ್ಟು ತೋರಿಸಿದೆ. ಹಾಕಿದರು. ಹೊತ್ತಾಗುತ್ತಿತ್ತು, ಬಿಸಿಲೇರುವ ಮುಂಚೆ ಒಂದು ಗಂಟೆ ಮುಗಿಸಬೇಕಿತ್ತು.

ನಾಡಿ 78. ಕುರ್ಚಿಯಿಂದ ಏಳುವುದು ಹನ್ನೆರಡು. ಗೋಡೆಗೆ ಪುಶ್‌ಅಪ್ ಎಂಟು. ಗೋಡೆಯನ್ನೇ ಬೀಳಿಸುವವರ ಹಾಗೆ ತಳ್ಳಿದರು.

ಫೆಬ್ರವರಿ 21

ಮೂವತ್ತರಲ್ಲಿ ಹನ್ನೊಂದು ಗಂಟೆ ಮುಗಿಯಿತು. ಅತ್ತೆ ನನಗಿಂತ ಶಿಸ್ತು. ನಾನು ಏಳುವ ಮೊದಲೇ ಎದ್ದು ಶೂ ಕಟ್ಟಿಕೊಂಡು ಕೂತಿರುತ್ತಾರೆ.

ಮಹಡಿಯಿಂದ ಇಳಿದು ಹಾಲು ತಂದು ಮತ್ತೆ ಹತ್ತುವುದನ್ನೂ ವಾರ್ಮ್‌ಅಪ್‌ಗೆ ಸೇರಿಸಿದ್ದೇನೆ. ಮೂರು ಮಹಡಿ, ಲಿಫ್ಟ್ ಇಲ್ಲ. ಎರಡನೇ ತಿರುವಿನಲ್ಲಿ ದಿನವೂ ನಿಂತು ಬಗ್ಗಿ ಶೂ ಲೇಸ್ ಕಟ್ಟಿಕೊಳ್ಳುತ್ತಾರೆ. ದಿನವೂ ಅಲ್ಲೇ. “ಏನು ಲೇಸೋ, ಗಂಟೇ ನಿಲ್ಲಲ್ಲ” ಅಂದರು. ಭಾನುವಾರ ಲೇಸಿಲ್ಲದ ಶೂ ತಂದುಕೊಡಬೇಕು.

ಮಾರ್ಚ್ 1

ಲೇಸಿಲ್ಲದ ಶೂ ತಂದುಕೊಟ್ಟೆ. ಖುಷಿಪಟ್ಟರು. ಎರಡನೇ ತಿರುವಿನಲ್ಲಿ ಕಿಟಕಿಯಿಂದ ಹೊರಗೆ ನೋಡುತ್ತಾ ನಿಂತರು. ಎದುರು ಗೋಡೆ ಬಿಟ್ಟರೆ ಅಲ್ಲೇನೂ ಇಲ್ಲ.

‘ಇನ್ನೊಂದು ಮಾಸ್ಟರ್’ ಇವತ್ತು ಬೆನ್ನು ತಟ್ಟಿದರು. ನಾನು ಒಬ್ಬಳಿಗೆ ಡಂಬೆಲ್ ಹಿಡಿಯುವುದನ್ನು ತಿದ್ದಿದ್ದನ್ನು ನೋಡಿದರಂತೆ. “ನಿನಗೆ ಕಣ್ಣಿದೆ” ಅಂದರು. ದಾರಿಯುದ್ದಕ್ಕೂ ಅದನ್ನೇ ಮೆಲುಕು ಹಾಕಿಕೊಂಡು ಬಂದೆ. ನನಗೆ ಕಣ್ಣಿದೆ!

ಮಾರ್ಚ್ 9

“ಎಡಗೈ ಜಗ್ಗತ್ತೆ ಕಣೆ” ಅಂದರು ಅತ್ತೆ, ವ್ಯಾಯಾಮದ ರಬ್ಬರ್ ಬ್ಯಾಂಡ್ ಎಳೆಯುವಾಗ.

“ಬಟ್ಟೆ ಎಳ್ಕೊಳ್ಳೋ ಕೈ ಅಲ್ವಾ, ಜಗ್ಗದೆ ಏನು? ಇನ್ನೊಂದು ಸಲ, ಸರಿ ಹೋಗತ್ತೆ.”

ಮಾಡಿದರು. ಮೂವತ್ತರಲ್ಲಿ ಐದು ಗಂಟೆ ಬಾಕಿ.

ಮಾರ್ಚ್ 14, ಬೆಳಿಗ್ಗೆ 5.50

ಕೊನೆಯ ಗಂಟೆ! ಇವತ್ತು ಸ್ಟೆಪ್ ಟೆಸ್ಟ್. ಮೂರು ನಿಮಿಷ ಪೆಟ್ಟಿಗೆ ಹತ್ತಿ ಇಳಿಯುವುದು, ನಾಡಿ ನೋಡುವುದು. ಪೆಟ್ಟಿಗೆ ಜಿಮ್ಮಿನಿಂದ ಹೊತ್ತು ತಂದಿದ್ದೇನೆ. ಅತ್ತೆ ಬೆಳಿಗ್ಗೆ ಟೀ ಬೇಡ ಅಂದರು. ಪರೀಕ್ಷೆ ನನಗೋ ಅವರಿಗೋ.

ಮಾರ್ಚ್ 18, ಆಸ್ಪತ್ರೆ

ಬರೆಯಲು ಕೈ ಬರುತ್ತಿಲ್ಲ. ಬರೆಯದೆ ಇರಲೂ ಆಗುತ್ತಿಲ್ಲ.

ಬದುಕಿದ್ದಾರೆ. ಮೊದಲು ಅದನ್ನು ಬರೆಯುತ್ತೇನೆ. ಬದುಕಿದ್ದಾರೆ. ರಕ್ತನಾಳ ಕಟ್ಟಿತ್ತು, ಸ್ಟೆಂಟ್ ಹಾಕಿದ್ದಾರೆ.

ಎರಡೂವರೆ ನಿಮಿಷಕ್ಕೆ ಅತ್ತೆ “ಸಾಕು ಕಣೆ” ಅಂದರು. ನಾನು ಗಡಿಯಾರ ನೋಡುತ್ತಿದ್ದೆ. ಅವರ ಮುಖ ನೋಡಲಿಲ್ಲ. “ಮೂವತ್ತೇ ಸೆಕೆಂಡು ಅತ್ತೆ. ಇನ್ನೊಂದು… ಇನ್ನೊಂದೇ…” ನಾಲ್ಕು ಸಲ ಅಂದೆ. ನಾಲ್ಕು ಸಲವೂ ಹತ್ತಿದರು. ಐದನೆಯ ಸಲ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. ಮುಖ ಬೂದಿಯ ಬಣ್ಣ. ಅಂಗಿ ತೊಯ್ದು ಹೋಗಿತ್ತು. “ಎಷ್ಟಾಯ್ತು?” ಎಂದು ಕೇಳಿದರು. ಆ ಹೊತ್ತಿನಲ್ಲೂ ಎಣಿಕೆ ಕೇಳಿದರು.

ಇವರನ್ನು ಹೇಗೆ ಕೂಗಿದೆನೋ, ಮೂರು ಮಹಡಿ ಅವರನ್ನು ಹೇಗೆ ಇಳಿಸಿದೆವೋ ಗೊತ್ತಿಲ್ಲ.

ಮಾರ್ಚ್ 19

ಡಾಕ್ಟರು ಅತ್ತೆಯನ್ನು ಕೇಳಿದರು, ಮೊದಲು ಹೀಗೆ ಏನಾದರೂ ಆಗುತ್ತಿತ್ತೇ ಎಂದು. ಅತ್ತೆ ಸಲೀಸಾಗಿ ಹೇಳಿದರು. ಐದಾರು ತಿಂಗಳಿಂದ ಮೆಟ್ಟಿಲು ಹತ್ತುವಾಗ ಎದೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟ ಹಾಗೆ ಆಗುತ್ತಿತ್ತಂತೆ. ಎರಡನೇ ತಿರುವಿನಲ್ಲಿ ಒಂದು ನಿಮಿಷ ನಿಂತರೆ ಹೋಗುತ್ತಿತ್ತಂತೆ.

ಲೇಸು. ಕಿಟಕಿ. ನನಗೆ ಕಣ್ಣಿದೆಯಂತೆ, ಥೂ.

ಹೊರಗೆ ಬಂದಾಗ ಇವರು ಕೇಳಿದರು, “ಶುರು ಮಾಡೋಕ್ಕೆ ಮುಂಚೆ ಅಮ್ಮನ್ನ ಇದನ್ನೆಲ್ಲ ಕೇಳಿದ್ಯಾ?”

“ಕೇಳಿದ್ದೆ.”

ಬಾಯಿಂದ ಬಂದೇ ಬಿಟ್ಟಿತು. ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಬ್ಯಾಗಿನಿಂದ ಫಾರ್ಮ್ ತೆಗೆದು ತೋರಿಸಿದೆ. ಯಾರೂ ತೋರಿಸು ಅಂದಿರಲಿಲ್ಲ. ಏಳು ಟಿಕ್ಕು, ಕೆಳಗೆ ಅತ್ತೆಯ ಸೊಟ್ಟ ಸೈನು.

ಇವರು ಅದನ್ನು ಹಿಡಿದುಕೊಂಡು ನೇರ ಒಳಗೆ ಹೋದರು. ನಾನು ಹಿಂದೆ ಓಡಿದೆ. “ಅಮ್ಮ, ಎದೆ ನೋವಿಲ್ಲ ಅಂತ ಬರ್ಕೊಟ್ಟಿದ್ಯಾ? ಇವಳು ಕೇಳಿದಾಗ ಸುಳ್ಳು ಹೇಳಿದ್ಯಾ?”

ಅತ್ತೆ ಕಾಗದ ನೋಡಿದರು. ಕನ್ನಡಕ ಹಾಕಿಕೊಂಡಿದ್ದರು ಈಗ. ಏಳನ್ನೂ ಓದಿದರು, ನಿಧಾನವಾಗಿ. ಆಮೇಲೆ ನನ್ನ ಮುಖ ನೋಡಿದರು.

“ಹ್ಞೂಂ ಕಣೋ. ನಾನೇ ಹೇಳ್ದೆ, ಏನೂ ಇಲ್ಲ ಅಂತ.”

ನಾನು ಗೋಡೆ ನೋಡಿಕೊಂಡು ನಿಂತಿದ್ದೆ.

ಮಾರ್ಚ್ 23

ಮನೆಗೆ ಕರೆತಂದೆವು. ಇವರು ಒಂದೊಂದೇ ಮೆಟ್ಟಿಲು ಹತ್ತಿಸಿದರು. ಎರಡನೇ ತಿರುವಿನಲ್ಲಿ ಅತ್ತೆ ನಿಂತರು. ಈ ಸಲ ನೆಪ ಹೇಳಲಿಲ್ಲ.

ಇವರು ಅಂಗಡಿಗೆ ಹೋದ ಮೇಲೆ ಕೇಳಿದೆ, “ಯಾಕೆ ಹಾಗೆ ಹೇಳಿದ್ರಿ?”

“ನಿನ್ನ ಪರೀಕ್ಷೆ ಮುಗೀಲಿ ಮೊದ್ಲು.”

“ನಾನು ಅವತ್ತು ಕೇಳಿದ್ರೆ… ಹೇಳ್ತಿದ್ರಾ?”

ದಿಂಬಿನ ಹೊಲಿಗೆ ಬಿಟ್ಟಿತ್ತು, ಅದರ ದಾರ ಬೆರಳಿಗೆ ಸುತ್ತಿಕೊಂಡರು. ಇಲ್ಲ ಅನ್ನಲಿ ದೇವರೇ, ಇಲ್ಲ ಅನ್ನಲಿ ಅಂದುಕೊಂಡೆ.

“ಕೇಳಿದ್ರೆ ಹೇಳ್ತಿದ್ದೆ ಕಣೆ. ನಾನಾಗೇ ಹೇಳ್ಕೊಂಡು ತಿರುಗೋಕೆ ನನಗೆ ಬರಲ್ಲ. ಬಟ್ಟೆ ಹೊಲಿಸೋಕೆ ಬಂದೋರನ್ನ ನಾನು ಕೇಳ್ತೀನಿ, ಕೈ ಎತ್ತಿದ್ರೆ ಕಂಕುಳಲ್ಲಿ ಹಿಡಿಯತ್ತಾ ಅಂತ. ಕೇಳ್ದೆ ಹೋದ್ರೆ ಯಾರೂ ಬಾಯಿ ಬಿಡಲ್ಲ. ಬಿಗೀನೇ ಹಾಕ್ಕೊಂಡು ಹೋಗ್ತಾರೆ.”

ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ.

ಮಾರ್ಚ್ 25

ಮಾಸ್ಟರ್‌ಗೆ ಎಲ್ಲ ಹೇಳಿದೆ. ಅವರ ಮುಖ ಒಂದು ಗಳಿಗೆ ಬಿಳಿಚಿತು. ಆಮೇಲೆ, “ಫಾರ್ಮ್ ಇದೆಯಾ? ಸೈನ್ ಇದೆಯಾ?” ಇದೆ ಅಂದೆ. “ಹಾಗಾದ್ರೆ ನೀನು ಸೇಫ್. ಲಾಗ್‌ಬುಕ್ ಜೊತೆ ಕೊಡು, ಪರೀಕ್ಷೆ ಬರಿ.”

“ಕೇಳೇ ಇಲ್ಲವಲ್ಲ ಸಾರ್ ನಾನು?”

“ಯಾರು ಕೇಳ್ತಾರೆ? ಹದಿನೈದು ವರ್ಷದಿಂದ ನಾನು ಯಾರನ್ನೂ ಕೇಳಿಲ್ಲ.” ಹೇಳಿದ ಮೇಲೆ ಅವರಿಗೇ ಅದು ಕಿವಿಗೆ ಬಿದ್ದಿರಬೇಕು. ಟ್ರೆಡ್‌ಮಿಲ್ ಒರೆಸಲು ಹೋದರು.

ಮಾರ್ಚ್ 29, ಸಂಜೆ

ಪಾಸ್.

ಪರೀಕ್ಷಕಿ ಫಾರ್ಮ್ ನೋಡಿ ಕೇಳಿದರು, “ಪ್ರತಿ ಪ್ರಶ್ನೆಯನ್ನೂ ಓದಿ ಹೇಳಿದಿರಾ?”

“ಹೌದು ಮೇಡಂ.”

ಎಷ್ಟು ಸುಲಭ. ಎರಡನೇ ಸಲಕ್ಕೆ ನಾಲಿಗೆ ತಡವರಿಸುವುದೂ ಇಲ್ಲ.

ಅತ್ತೆ ಸಕ್ಕರೆ ಡಬ್ಬ ತಂದು ಬಾಯಿಗೆ ಒಂದು ಚಿಟಿಕೆ ಹಾಕಿದರು. ಇವರು ಕೈ ಕುಲುಕಿದರು. “ಅಮ್ಮ ಮಾಡಿದ ಎಡವಟ್ಟಿನ ಮಧ್ಯೆಯೂ ನೀನು ಪಾಸ್ ಆದೆ ನೋಡು” ಅಂದರು.

ಏಪ್ರಿಲ್ 4

ಮೊದಲ ಬ್ಯಾಚ್. ನೀಲಿ ಟೀ ಶರ್ಟ್. ಹದಿನೆಂಟು ಹೆಂಗಸರು, ದೊಡ್ಡ ಕನ್ನಡಿ, ಎದುರಿಗೆ ನಾನು. ಎರಡು ವರ್ಷ ಕಂಡ ಕನಸು.

ಕಪಾಟಿನಲ್ಲಿದ್ದ ಹಳೇ ಫಾರ್ಮಿನ ಕಟ್ಟು ಮುಟ್ಟಲಿಲ್ಲ. ಮೂಲ ಪ್ರತಿಯ ಟಿಕ್ಕುಗಳಿಗೆ ವೈಟ್ನರ್ ಹಚ್ಚಿ ಹೊಸದಾಗಿ ಪ್ರತಿ ತೆಗೆಸಿದ್ದೆ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಏಳೂ ಕೇಳಿದೆ. ಗೊಣಗಿದರು. “ಎಲ್ಲಾ ಇಲ್ಲ ಅಂತ ಹಾಕ್ಕೊಳ್ರೀ, ಹೊತ್ತಾಯ್ತು” ಅಂದರು. ಬಿಡಲಿಲ್ಲ. ಹದಿನಾಲ್ಕನೆಯವರು, ಬ್ಯಾಂಕಿನ ಕ್ಯಾಷಿಯರ್, ಮೂರನೇ ಪ್ರಶ್ನೆಗೆ ಅತ್ತಿತ್ತ ನೋಡಿ, “ಒಂದೆರಡು ಸಲ ಕಣ್ಣು ಕತ್ತಲೆ ಬಂದು ಬಿದ್ದಿದೀನಿ. ಮನೇಲಿ ಹೇಳಿಲ್ಲ” ಅಂದರು.

ಡಾಕ್ಟರ ಹತ್ತಿರ ಕಳಿಸಿದೆ. ಕ್ಲಾಸ್ ಆಗಿದ್ದು ಹತ್ತೇ ನಿಮಿಷ. ಮಾಸ್ಟರ್ ಮುಖ ಊದಿಸಿಕೊಂಡಿದ್ದರು, ಆದರೆ ತಡೆಯಲಿಲ್ಲ.

ಕೇಳಲು ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕಿದೆ. ಒಬ್ಬರಿಗೆ ಎರಡೂವರೆ ನಿಮಿಷ.

ಏಪ್ರಿಲ್ 8

ಜಿಮ್ಮಿನಲ್ಲಿ ಸತ್ಯವಂತೆ. ಮನೆಯಲ್ಲಿ?

ಇವರು ಅತ್ತೆಯ ಮಾತ್ರೆ ಎಣಿಸುತ್ತಾರೆ. ನುಂಗಿದ ಮೇಲೆ “ಬಾಯಿ ತೆಗಿ” ಅನ್ನುತ್ತಾರೆ. ಹಾಲು ತರಲು ಹೋದರೆ ಹಿಂದೆ ಹೋಗುತ್ತಾರೆ. ಹೊಲಿಗೆ ಮೆಷಿನ್‌ನ ಬೆಲ್ಟ್ ಬಿಚ್ಚಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. “ಮೆತ್ತಗೆ ಹೊಲೀತೀನಿ ಅಂತೀಯ, ನಿನ್ನ ಮಾತು ಹೇಗೆ ನಂಬ್ಲಿ?” ಪ್ರೀತಿಗೇ ಮಾಡುತ್ತಿದ್ದಾರೆ, ಗೊತ್ತು. ಹೆದರಿದ್ದಾರೆ. ಆದರೂ ಮೂವತ್ತು ವರ್ಷ ಹೊಲಿದು ಸಾಕಿದ ತಾಯಿಯನ್ನು ಮಗ ಕಳ್ಳಿಯ ಹಾಗೆ ಕಾಯುತ್ತಿದ್ದಾನೆ. ನನ್ನಿಂದ.

ಅತ್ತೆ ಒಂದು ದೂರೂ ಹೇಳುವುದಿಲ್ಲ. ನನ್ನನ್ನು ಕಂಡಾಗ, “ಇವತ್ತು ಎಷ್ಟು ಜನ ಬಂದಿದ್ರು?” ಎಂದು ಕೇಳುತ್ತಾರೆ.

ಏಪ್ರಿಲ್ 12

ಚೆಕಪ್. ಡಾಕ್ಟರು ಕೇಳಿದರು, “ಈಗ ಉಸಿರು ಕಟ್ಟೋದು, ಎದೆ ಹಿಡಿಯೋದು ಏನಾದರೂ?”

“ಇಲ್ಲ ಡಾಕ್ಟ್ರೇ. ಹಗುರಾಗಿದೀನಿ.”

ಇವರು ನಡುವೆ ಬಾಯಿ ಹಾಕಿದರು. “ಇವರ ‘ಇಲ್ಲ’ ನಂಬಬೇಡಿ ಡಾಕ್ಟ್ರೇ. ಏಳು ಸಲ ಇಲ್ಲ ಅಂತ ಸೈನ್ ಹಾಕಿಯೇ ಇಲ್ಲಿಗೆ ಬಂದಿದ್ದು.”

ನರ್ಸ್ ಕಿಸಕ್ಕನೆ ನಕ್ಕಳು. ಡಾಕ್ಟರೂ ನಕ್ಕರು. ಅತ್ತೆ ತಲೆ ತಗ್ಗಿಸಿ ಅಂಗಿಯ ಅಂಚಿನ ಹೊಲಿಗೆ ಸವರುತ್ತಿದ್ದರು. ಕಿವಿ ಕೆಂಪಾಗಿತ್ತು. ಆಮೇಲೆ ಡಾಕ್ಟರು ಅತ್ತೆಯನ್ನು ಏನೂ ಕೇಳಲಿಲ್ಲ. ಎಲ್ಲ ಪ್ರಶ್ನೆಯೂ ಮಗನಿಗೆ.

ಈಗ ಅವರನ್ನು ಯಾರೂ ಕೇಳುವುದೇ ಇಲ್ಲ. ನಾಳೆ ನಿಜವಾಗಿ ನೋವು ಬಂದರೆ ಯಾರಿಗೆ ಹೇಳುತ್ತಾರೆ?

ಏಪ್ರಿಲ್ 13, ಬೆಳಿಗ್ಗೆ 10

ಭಾನುವಾರ. ಕೋರ್ಸಿನವರಿಗೆ ಈಮೇಲ್ ಕಳಿಸಿದೆ. ಫಾರ್ಮ್ ಕೇಳಿ ತುಂಬಿದ್ದಲ್ಲ, ಪರೀಕ್ಷೆಯಲ್ಲಿ ಸುಳ್ಳು ಹೇಳಿದೆ ಎಂದು. ನಾಲ್ಕೇ ಸಾಲು. ಸರ್ಟಿಫಿಕೇಟ್ ಹೋಗಬಹುದು. ಹೋಗುತ್ತದೆ. ಬಟನ್ ಒತ್ತುವಾಗ ನೀಲಿ ಟೀ ಶರ್ಟ್ ಮೈಮೇಲೇ ಇತ್ತು. ಮತ್ತೆ ಆ ಟವೆಲ್, ಆ ಲಾಕರ್ ಕೀ.

ಅದು ಸುಲಭದ್ದು. ಕಷ್ಟದ್ದು ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದೆ.

ಅದೇ ದಿನ, 11.30

ಹೇಳಿದೆ.

ಖಾಲಿ ಫಾರ್ಮ್ ತಂದು ಮೇಜಿನ ಮೇಲಿಟ್ಟೆ. ಇವರನ್ನು ಕರೆದೆ. ಅತ್ತೆಯನ್ನು ಎದುರಿಗೆ ಕೂರಿಸಿ ಮೊದಲ ಪ್ರಶ್ನೆ ಓದಿದೆ. ಇವರು, “ಇದನ್ನೆಲ್ಲ ನೀನು ಆಗ್ಲೇ ಕೇಳಿದ್ಯಲ್ವಾ?” ಅಂದರು.

“ಇಲ್ಲ” ಅಂದೆ. “ಒಂದೂ ಕೇಳಿಲ್ಲ. ಟಿಕ್ ಮೊದಲೇ ಇತ್ತು. ಅತ್ತೆ ಓದದೆ ಸೈನ್ ಹಾಕಿದ್ರು, ನನ್ನ ನಂಬಿ. ಆಸ್ಪತ್ರೆಯಲ್ಲಿ ನನಗೋಸ್ಕರ ಸುಳ್ಳು ಹೇಳಿದ್ರು.”

ಇವರು ಅಮ್ಮನ ಕಡೆ ತಿರುಗಿದರು.

ಅತ್ತೆ, ಮಹಾತಾಯಿ, ಕಣ್ಣು ಮಿಟುಕಿಸದೆ, “ಅವಳು ಕೇಳಿದ್ಲು ಕಣೋ. ನಾನೇ ಹೇಳ್ಲಿಲ್ಲ. ಈಗ ನನ್ನ ಪರ ವಹಿಸ್ಕೊಂಡು ಮಾತಾಡ್ತಿದಾಳೆ ಅಷ್ಟೇ” ಅಂದರು.

ಇವರು ನಮ್ಮಿಬ್ಬರನ್ನೂ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. “ನಿಮ್ಮಿಬ್ರಲ್ಲಿ ಯಾರನ್ನ ನಂಬ್ಲಿ ನಾನು?” ಧ್ವನಿ ಒಡೆದಿತ್ತು. ಮದುವೆಯಾದ ಹನ್ನೊಂದು ವರ್ಷದಲ್ಲಿ ಈ ಧ್ವನಿ ಕೇಳಿರಲಿಲ್ಲ.

“ನನ್ನ ಹತ್ರ ಬರೆದಿಟ್ಟದ್ದಿದೆ” ಅಂದೆ. “ಅವತ್ತೇ ಬರೆದದ್ದು.”

ಒಳಗೆ ಬಂದು ಬಾಗಿಲು ಹಾಕಿಕೊಂಡಿದ್ದೇನೆ. ಫೆಬ್ರವರಿ 10ರ ಪುಟಕ್ಕೆ ಅತ್ತೆಯ ಹಳೇ ಟೇಪಿನ ತುಂಡು ಇಟ್ಟಿದ್ದೇನೆ. ಅಲ್ಲಿಂದ ಮುಂದೆಯೂ ಓದುತ್ತಾರೆ. ಲೇಸು, ಎಡಗೈ, ನಾಲ್ಕು ಸಲ ‘ಇನ್ನೊಂದು’. ಎಲ್ಲ ನನ್ನ ಕೈಬರಹ. ಹರಿಯಲು ಎರಡು ಪುಟ ಹಿಡಿದು ನೋಡಿದೆ. ಬಿಟ್ಟೆ. ಮಾರ್ಚ್ 18ಕ್ಕೆ ಬಂದಾಗ ನಾನು ಎದುರಿಗೆ ಕೂತಿರಬೇಕು, ಅಡುಗೆಮನೆಗೆ ಓಡಿಹೋಗಬಾರದು.

ಬಾಗಿಲು ತಟ್ಟುತ್ತಿದ್ದಾರೆ. ಬಂದೆ ಅಂದೆ. ಮತ್ತೆ ತಟ್ಟಿದರು.

“ಇನ್ನೊಂದು ನಿಮಿಷ.”

ಇನ್ನೊಂದೇ